ನಾಲ್ಕು ಸಾಲಿನ ಗಿಟಾರ್

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಫ್ಲ್ಯಾಟಿನ ಅಂಕಲ್ ಬೆಲ್ ಮಾಡಿದರು. ಕೈಯಲ್ಲಿ ಪೇಪರ್, ಮುಖದಲ್ಲಿ ಸ್ವಲ್ಪ ಸಂಕೋಚ. ಗಿಟಾರ್ ಸದ್ದು ಜಾಸ್ತಿ ಆಯಿತೇನೋ ಅಂದುಕೊಂಡು ನಾನೇ ಮೊದಲು ಸಾರಿ ಕೇಳಿದೆ. ಅವರು ತಲೆಯಾಡಿಸಿದರು. "ಸದ್ದಿಗೆ ಅಲ್ಲ ಮಾರಾಯ್ರೆ. ನೀವು ದಿನಾ ನಾಲ್ಕು ಸಾಲು ನುಡಿಸಿ ನಿಲ್ಲಿಸ್ತೀರಲ್ಲ, ನಂಗೆ ಊಟದಿಂದ ಅರ್ಧಕ್ಕೆ ಎಬ್ಬಿಸಿದ ಹಾಗೆ ಆಗ್ತದೆ. ಒಂದಾದ್ರೂ ಪೂರ್ತಿ ನುಡಿಸಿ, ಆಯ್ತಾ?" ಅಂದರು. ಮಂಗಳೂರಿನವರು. ಬೈದರೂ ಮರ್ಯಾದೆ ಕೊಟ್ಟೇ ಬೈಯುತ್ತಾರೆ.

ಬಾಗಿಲು ಹಾಕಿ ಬಂದು ಕೂತು ಲೆಕ್ಕ ಹಾಕಿದೆ. ಗಿಟಾರ್ ಕೈಗೆ ತಗೊಂಡು ಎರಡು ವರ್ಷ ಆಗಿತ್ತು. ನನಗೆ ಗೊತ್ತಿರುವ ಹಾಡುಗಳು ಸುಮಾರು ಇಪ್ಪತ್ತು, ಎಲ್ಲವೂ 60ರ ದಶಕದವು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಡಿಲನ್, ಆನಿಮಲ್ಸ್, ಸೈಮನ್ ಮತ್ತು ಗಾರ್‌ಫಂಕಲ್. ಅದರಲ್ಲಿ ಮೊದಲಿಂದ ಕೊನೆವರೆಗೆ ನುಡಿಸಬಲ್ಲದ್ದು ಎಷ್ಟು? ಒಂದೂ ಇಲ್ಲ. ಒಂದರ ಶುರು ಬರುತ್ತದೆ. ಇನ್ನೊಂದರ ಮೊದಲ ಪದ್ಯ ಬರುತ್ತದೆ. ಮತ್ತೊಂದರಲ್ಲಿ ಜನ ಗುರುತು ಹಿಡಿಯುವ ಆ ಎಂಟು ಸ್ವರ ಬರುತ್ತವೆ, ಅಷ್ಟೇ. ಯಾರಾದರೂ ಮನೆಗೆ ಬಂದು "ಏನಾದ್ರೂ ನುಡಿಸಿ" ಅಂದರೆ ನಾನು ಒಂದರ ಹಿಂದೆ ಒಂದು ಶುರುಗಳನ್ನೇ ನುಡಿಸುತ್ತಿದ್ದೆ. ಸಿನಿಮಾ ನೋಡೋಕೆ ಬಂದವರಿಗೆ ಬರೀ ಟ್ರೇಲರ್ ತೋರಿಸಿ ಕಳಿಸಿದ ಹಾಗೆ.

ಸೋಮಾರಿತನ ಅಂದುಬಿಡಬಹುದಿತ್ತು. ಆದರೆ ದಿನಾ ಮುಕ್ಕಾಲು ಗಂಟೆ ತಪ್ಪದೆ ಕೂರುತ್ತಿದ್ದೆ. ಬೆರಳ ತುದಿಯಲ್ಲಿ ಜಡ್ಡು ಕಟ್ಟಿತ್ತು. ಹಾಗಾದರೆ ಎಡವುತ್ತಿದ್ದದ್ದು ಎಲ್ಲಿ? ಅದು ಮಂಡೆಯಲ್ಲಿ ಹುಳ ಬಿಟ್ಟ ಹಾಗೆ ಕೊರೆಯೋಕೆ ಶುರುವಾಯಿತು.

ಎರಡು ಬೆರಳಿನ ಸೊಕ್ಕು

ನಾನು ಮೈಸೂರಿನವಳು. ನಮ್ಮ ಬೀದಿಯಲ್ಲಿ ಮೂರು ಮನೆಗೊಂದು ವೀಣೆ ಇತ್ತು, ಅದು ಗೋಡೆಗೆ ಒರಗಿಯೇ ಇರುತ್ತಿತ್ತು ಅನ್ನೋದು ಬೇರೆ ಮಾತು. ನಾನೂ ಏಳನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ಕಲಿತೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ಆಮೇಲೆ ಒಂದೂವರೆ ವರ್ಣ. ಅರ್ಧ ವರ್ಣದಲ್ಲಿ ಪರೀಕ್ಷೆ ಬಂತು, ಅಲ್ಲಿಗೇ ನಿಂತಿತು. ಈಗ ಯೋಚಿಸಿದರೆ ಅದೂ ಅರ್ಧಕ್ಕೆ ನಿಂತದ್ದೇ.

ಅದಕ್ಕೇ ನಲವತ್ತಾರನೇ ವಯಸ್ಸಿಗೆ ಗಿಟಾರ್ ಕೊಂಡಾಗ ನನಗೆ ಒಳಗೊಳಗೇ ಸೊಕ್ಕಿತ್ತು. ಇಪ್ಪತ್ತನಾಲ್ಕು ಮೆಟ್ಟಿಲಿನ ವೀಣೆ ನುಡಿಸಿದವಳಿಗೆ ಇಪ್ಪತ್ತು ಫ್ರೆಟ್ಟಿನ ಗಿಟಾರ್ ಏನು ಮಹಾ? ಎರಡರಲ್ಲೂ ಒಂದು ಸ್ಥಾಯಿಗೆ ಹನ್ನೆರಡೇ ಮನೆ. ಮೊದಲ ವಾರವೇ ಸೊಕ್ಕು ಇಳಿಯಿತು. ವೀಣೆಯಲ್ಲಿ ಎಡಗೈಯ ಕೆಲಸವೆಲ್ಲ ಹೆಚ್ಚುಕಮ್ಮಿ ತೋರುಬೆರಳು, ನಡುಬೆರಳಿನದ್ದು. ಉಂಗುರದ ಬೆರಳು, ಕಿರುಬೆರಳು ಸುಮ್ನೆ ಜೊತೆಗೆ ಓಡಾಡುತ್ತವೆ, ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ. ಗಿಟಾರ್ ಆ ನೆಂಟರನ್ನೇ ಹಿಡಿದು ಪಾತ್ರೆ ತೊಳೆಯೋಕೆ ಹಚ್ಚುತ್ತದೆ. ಬಲಗೈಯದು ಇನ್ನೂ ವಿಚಿತ್ರ. ವೀಣೆಯಲ್ಲಿ ಹೆಬ್ಬೆರಳಿಗೆ ಮೀಟುವ ಕೆಲಸವೇ ಇಲ್ಲ, ತಾಳದ ತಂತಿ ಕಿರುಬೆರಳಿನ ಪಾಲು. ಗಿಟಾರಿನಲ್ಲಿ ಬೆರಳಲ್ಲಿ ಮೀಟುವುದಾದರೆ ತಾಳ ಹಿಡಿಯುವುದು ಹೆಬ್ಬೆರಳು, ಕಿರುಬೆರಳಿಗೆ ರಜೆ. ನನ್ನ ಕಿರುಬೆರಳು ಮಾತ್ರ ಇವತ್ತಿಗೂ ಇಲ್ಲದ ತಂತಿಯನ್ನು ಹುಡುಕಿಕೊಂಡು ಗಾಳಿಯಲ್ಲಿ ಮೇಲಕ್ಕೆ ಎಳೆಯುತ್ತದೆ.

ಇನ್ನೊಂದು ತೊಂದರೆ ಗಮಕದ್ದು. ಒಂದು ಸ್ವರದ ಮೇಲೆ ಬೆರಳಿಟ್ಟರೆ ಅದನ್ನು ಸ್ವಲ್ಪ ಎಳೆಯದೆ ಬಿಡೋಕೆ ನನ್ನ ಕೈಗೆ ಬರುವುದಿಲ್ಲ. ಕಾರ್ಡ್ ಅಂದರೆ ಹಲವು ತಂತಿಗಳಲ್ಲಿ ಒಟ್ಟಿಗೆ ಹಿಡಿಯುವ ಸ್ವರಗಳ ಗುಂಪು. ಅದನ್ನು ಹಿಡಿದಾಗ ಒಂದು ತಂತಿಯನ್ನು ಕೂದಲೆಳೆಯಷ್ಟು ಎಳೆದರೂ ಇಡೀ ಕಾರ್ಡ್ ಅಪಸ್ವರ. ಎಷ್ಟೋ ದಿನ ಗಿಟಾರ್ ಶ್ರುತಿ ಇಲ್ಲ ಅಂದುಕೊಂಡು ಬಿರಡೆ ತಿರುಗಿಸಿದ್ದೇ ತಿರುಗಿಸಿದ್ದು. ತಪ್ಪು ಬಿರಡೆಯದ್ದಲ್ಲ, ನನ್ನ ನಡುಬೆರಳಿನದ್ದು.

ಅಮ್ಮನಿಗೆ ಫೋನಲ್ಲಿ ಆರು ಖಾಲಿ ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿಸಿದೆ. ಇ, ಎ, ಡಿ, ಜಿ, ಬಿ, ಇ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಇದ್ರಲ್ಲಿ ಸ ಎಲ್ಲಿದೆ?" ಅಂತ ಕೇಳಿದರು. ನಾನು ಏನೋ ಹೇಳೋಕೆ ಹೋಗಿ ತಡವರಿಸಿದೆ. ವೀಣೆಯ ನಾಲ್ಕು ತಂತಿಯನ್ನು ಸುಮ್ನೆ ಮೀಟಿದರೂ ಸ, ಪ, ಸ, ಪ ಅಂತ ಮನೆ ಸಿದ್ಧವಾಗಿರುತ್ತದೆ. ಗಿಟಾರಿನಲ್ಲಿ ಮನೆ ಪ್ರತಿ ಹಾಡಿಗೂ ಬೇರೆ. ಬಾಡಿಗೆ ಮನೆ ವಾಸ.

ಕಲಿಯೋಕೆ ಏನೂ ಉಳಿದಿರಲಿಲ್ಲ

ನಾನು ತೀರಾ ಜಾಸ್ತಿ ಸಲ ಶುರು ಮಾಡಿ ಬಿಟ್ಟ ಹಾಡು 'ಹೌಸ್ ಆಫ್ ದ ರೈಸಿಂಗ್ ಸನ್'. ಗಿಟಾರ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಹಾಡಿನ ಬಾಗಿಲಿಗೆ ಬಂದೇ ಬರುತ್ತಾರೆ. ಅದರ ಕಾರ್ಡುಗಳು: ಎ ಮೈನರ್, ಸಿ, ಡಿ, ಎಫ್. ಮತ್ತೆ ಎ ಮೈನರ್, ಸಿ, ಇ. ಆರು ಎಣಿಕೆಯ ಲಯ. ಒಂದೊಂದು ಕಾರ್ಡನ್ನೂ ಒಟ್ಟಿಗೆ ಬಾರಿಸದೆ ದಪ್ಪ ತಂತಿಯಿಂದ ಸಣ್ಣ ತಂತಿವರೆಗೆ ಬಿಡಿಬಿಡಿಯಾಗಿ ಮೀಟಿ, ಮತ್ತೆ ವಾಪಸು ಬರುವುದು. ಕೇಳಿದ ತಕ್ಷಣ ಗುರುತು ಸಿಗುತ್ತದೆ.

ಎ ಮೈನರಿನಿಂದ ಸಿಗೆ ಹೋಗುವ ಜಾಗ ನನಗೆ ತುಂಬಾ ಇಷ್ಟ. ತೋರುಬೆರಳು ಎರಡನೇ ತಂತಿಯ ಮೊದಲ ಮನೆಯಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಮನೆಯಲ್ಲಿ. ಅವೆರಡೂ ಕದಲಬೇಕಾಗಿಲ್ಲ. ಉಂಗುರದ ಬೆರಳೊಂದೇ ಎದ್ದು, ಎರಡು ತಂತಿ ದಾಟಿ, ಐದನೇ ತಂತಿಯ ಮೂರನೇ ಮನೆಯಲ್ಲಿ ಕೂರುತ್ತದೆ. ಅಷ್ಟಕ್ಕೇ ಕೋಣೆಯ ಬೆಳಕೇ ಬದಲಾದ ಹಾಗಾಗುತ್ತದೆ. ಇದನ್ನೇ ನೂರು ಸಲ ಮಾಡಿ ಖುಷಿಪಟ್ಟಿದ್ದೇನೆ. ಆಮೇಲೆ ಬರುತ್ತದೆ ಎಫ್. ತೋರುಬೆರಳನ್ನು ಕೋಲಿನ ಹಾಗೆ ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು, ಉಳಿದ ಮೂರು ಬೆರಳು ಅದರ ಮುಂದೆ ತಮ್ಮ ತಮ್ಮ ಮನೆ ಹಿಡಿಯಬೇಕು. ನನ್ನ ತೋರುಬೆರಳಿನ ಗೆಣ್ಣಿನ ಗೆರೆ ಸರಿಯಾಗಿ ಎರಡನೇ ತಂತಿಯ ಮೇಲೇ ಬರುತ್ತದೆ. ತಂತಿ ಆ ಸಂದಿಯಲ್ಲಿ ನುಸುಳಿ 'ಡಬ್' ಅನ್ನುತ್ತದೆ. ಬೆರಳನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಮೂಳೆ ಇರುವ ಕಡೆಯಿಂದ ಒತ್ತಿದರೆ ಸರಿಹೋಗುತ್ತದೆ ಅಂತ ಎಲ್ಲ ವಿಡಿಯೋಗಳೂ ಹೇಳುತ್ತವೆ. ಹೇಳೋದು ಸುಲಭ, ಅಲ್ವಾ?

ವೀಣೆಯ ಕಿವಿಗೆ ಈ ಹಾಡು ಒಂದು ಸಣ್ಣ ಅಪಚಾರ ಕೂಡ. ಎ ಅನ್ನು ಸ ಅಂತ ಇಟ್ಟುಕೊಳ್ಳಿ. ಡಿ ಕಾರ್ಡಿನ ಒಳಗೆ ಚತುಶ್ರುತಿ ಧೈವತ ಇದೆ. ಅದರ ಬೆನ್ನಿಗೇ ಬರುವ ಎಫ್‌ನಲ್ಲಿ ಶುದ್ಧ ಧೈವತ. ಸಿಯಲ್ಲಿ ಕೈಶಿಕಿ ನಿಷಾದ, ಇಯಲ್ಲಿ ಕಾಕಲಿ ನಿಷಾದ. ಒಂದೇ ಆವರ್ತದಲ್ಲಿ ಎರಡು ಧೈವತ, ಎರಡು ನಿಷಾದ! ನಮ್ಮ ಟೀಚರ್ ಮುಂದೆ ಹೀಗೆ ನುಡಿಸಿದ್ದರೆ "ಯಾವ ರಾಗದಲ್ಲಿದ್ದೀಯಮ್ಮ ನೀನು?" ಅಂತ ಕೇಳಿರುತ್ತಿದ್ದರು. ಆದರೆ ಈ ಹಾಡಿನ ವಿಷಾದ ಹುಟ್ಟುವುದೇ ಆ ಧೈವತ ಒಂದು ಮೆಟ್ಟಿಲು ಜಾರುವ ಜಾಗದಲ್ಲಿ. ಡಿಯಿಂದ ಎಫ್‌ಗೆ ಹೋಗುವಾಗ ಏನೋ ಕೈಜಾರಿ ಬಿದ್ದ ಹಾಗಾಗುತ್ತದಲ್ಲ, ಅದು ಇದೇ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮುಗಿಸುತ್ತಿರಲಿಲ್ಲ? ಈ ಹಾಡಿನಲ್ಲಿ ಪಲ್ಲವಿ ಇಲ್ಲ. ಮಧ್ಯದಲ್ಲಿ ತಿರುವಿಲ್ಲ. ಅದೇ ಕಾರ್ಡುಗಳ ಸುತ್ತು ಪದ್ಯದ ಮೇಲೆ ಪದ್ಯ ಸುತ್ತುತ್ತಲೇ ಇರುತ್ತದೆ. ಒಂದು ಸುತ್ತು ಬಂತು ಅಂದರೆ ಇಡೀ ಹಾಡು ಬಂದ ಹಾಗೆ ಅಂತ ನನ್ನ ಲೆಕ್ಕ. ಕಲಿಯೋಕೆ ಇನ್ನೇನೂ ಉಳಿದಿಲ್ಲ ಅಂದಮೇಲೆ ಮುಂದೆ ಯಾಕೆ ನುಡಿಸಬೇಕು? ಮುಂದಿನ ಹಾಡಿಗೆ ಹೋಗುತ್ತಿದ್ದೆ. ಅಂಗಡಿ ಅಂಗಡಿಗೆ ಹೋಗಿ ರುಚಿ ನೋಡಿ ಏನೂ ಕೊಳ್ಳದೆ ಬರುವವರಿರುತ್ತಾರಲ್ಲ, ಹಾಗೆ.

ಯಾರದ್ದೂ ಅಲ್ಲದ ಹಾಡು

ಈ ಹಾಡಿನ ಹಿಂದಿನ ಕಥೆ ಗೊತ್ತಾದಮೇಲೆ ನನಗೆ ಇನ್ನೂ ನಾಚಿಕೆಯಾಯಿತು. ಇದನ್ನು ಬರೆದವರು ಯಾರು ಅಂತ ಹೇಳೋಕಾಗುವುದಿಲ್ಲ. ನಮ್ಮ ಜನಪದ ಹಾಡುಗಳ ಹಾಗೇ, ಬಾಯಿಂದ ಬಾಯಿಗೆ ಬಂದದ್ದು. 1933ರಲ್ಲಿ ಕ್ಲಾರೆನ್ಸ್ ಆಶ್ಲಿ ಎಂಬ ಗಾಯಕ ಇದನ್ನು ರೆಕಾರ್ಡ್ ಮಾಡಿದ್ದರು. 1937ರಲ್ಲಿ ಜಾನಪದ ಸಂಗ್ರಹಕಾರ ಆಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೋ ಎಂಬ ಊರಿಗೆ ಹೋದಾಗ, ಜಾರ್ಜಿಯಾ ಟರ್ನರ್ ಎಂಬ ಹದಿನಾರು ವರ್ಷದ ಹುಡುಗಿ, ಗಣಿ ಕೆಲಸಗಾರನ ಮಗಳು, ಇದನ್ನು ಹಾಡಿದಳು. ಅಲ್ಲಿಂದ ಪುಸ್ತಕಕ್ಕೆ ಬಂತು, ಪುಸ್ತಕದಿಂದ ನ್ಯೂಯಾರ್ಕಿನ ಕಾಫಿ ಹೌಸುಗಳಿಗೆ ಬಂತು. ಅಲ್ಲಿ ಡೇವ್ ವ್ಯಾನ್ ರಾಂಕ್ ಎಂಬ ಗಾಯಕ ಇದಕ್ಕೆ ಹೊಸ ಕಾರ್ಡುಗಳನ್ನು ಕೂಡಿಸಿದರು. ಆ ಜೋಡಣೆಯನ್ನು ಬಾಬ್ ಡಿಲನ್ ತಮ್ಮ ಮೊದಲ ಆಲ್ಬಮ್ಮಿಗೆ ಹಾಡಿಬಿಟ್ಟರು. ಹಾಡಿ ಮುಗಿಸಿದಮೇಲೆ ಬಂದು "ಹಾಡಬಹುದಾ?" ಅಂತ ಕೇಳಿದರಂತೆ! ವ್ಯಾನ್ ರಾಂಕ್ ತಾವೂ ಅದನ್ನು ರೆಕಾರ್ಡ್ ಮಾಡುವವರಿದ್ದರು. ಆಲ್ಬಮ್ 1962ರಲ್ಲಿ ಬಂತು. ಅಂದಮೇಲೆ ವ್ಯಾನ್ ರಾಂಕ್ ಹಾಡಿದರೆ ಜನ "ಡಿಲನ್ ಹಾಡು ಕದ್ದಿದ್ದೀರಿ" ಅನ್ನೋಕೆ ಶುರುಮಾಡಿದರು, ಅವರು ಹಾಡುವುದನ್ನೇ ಬಿಟ್ಟರು. ಎರಡು ವರ್ಷದಲ್ಲಿ ಆನಿಮಲ್ಸ್ ಗುಂಪು ಇದೇ ಹಾಡನ್ನು ಹಾಡಿ ಹೊರತಂದಿತು. ಆಗ ಡಿಲನ್‌ಗೂ ಅದೇ ಗತಿ. "ಆನಿಮಲ್ಸ್‌ದು ಹಾಡ್ತಿದ್ದೀರಾ?" ಅಂತ ಕೇಳಿಸಿಕೊಂಡು ಅವರೂ ಬಿಟ್ಟರು. ಇದನ್ನು ಹೇಳುವಾಗ ವ್ಯಾನ್ ರಾಂಕ್ ಎಷ್ಟು ಖುಷಿಪಟ್ಟಿರಬೇಡ.

ಆನಿಮಲ್ಸ್ ಇಂಗ್ಲೆಂಡಿನ ನ್ಯೂಕಾಸಲ್ ಹುಡುಗರು. 1964ರ ಮೇ 18ರಂದು, ಅಮೆರಿಕದ ಗಾಯಕ ಚಕ್ ಬೆರ್ರಿ ಜೊತೆಗಿನ ಪ್ರವಾಸದ ನಡುವೆ ಬಿಡುವು ಮಾಡಿಕೊಂಡು ಲಂಡನ್ನಿನ ಸ್ಟುಡಿಯೋಕ್ಕೆ ಬಂದು, ಒಂದೇ ಟೇಕಿನಲ್ಲಿ ಮುಗಿಸಿ ಹೊರಟರು. ನಾನು ಎರಡು ವರ್ಷದಲ್ಲಿ ಮುಗಿಸದ ಹಾಡು! ಮುಗಿದದ್ದು ನಾಲ್ಕೂವರೆ ನಿಮಿಷದ ಹಾಡು. ಆ ಕಾಲದ ರೇಡಿಯೋಗೆ ಅದು ಉದ್ದವಾಯಿತು ಅಂತ ಅಮೆರಿಕದ ಸಿಂಗಲ್‌ನಲ್ಲಿ ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿದರು. ಹಾಗಾಗಿ ಅರ್ಧಕ್ಕೆ ಎದ್ದವರು ಅಂಕಲ್ ಒಬ್ಬರೇ ಅಲ್ಲ.

ಹಿಲ್ಟನ್ ವ್ಯಾಲೆಂಟೈನ್ ಅದರಲ್ಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಬಿಡಿ ಮೀಟನ್ನು ನುಡಿಸಿದ್ದಾರೆ. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಬರೀ ಗಿಟಾರನ್ನೇ ಹಿಂಬಾಲಿಸಿ ನೋಡಿ. ಎರಿಕ್ ಬರ್ಡನ್ ತಗ್ಗಿದ ದನಿಯಲ್ಲಿ ಶುರುಮಾಡುತ್ತಾರೆ, ಆಮೇಲೆ ಮೇಲಿನ ಸ್ಥಾಯಿಗೆ ಹಾರಿ ಕೂಗುತ್ತಾರೆ. ಆಲನ್ ಪ್ರೈಸ್ ಆರ್ಗನ್ ಮಧ್ಯೆ ನುಗ್ಗಿ ಬೆಂಕಿ ಹಚ್ಚುತ್ತದೆ. ಗಿಟಾರ್ ಮಾತ್ರ ಅದೇ ಸುತ್ತನ್ನು ಸುತ್ತುತ್ತಲೇ ಇರುತ್ತದೆ, ಗಾಣದ ಎತ್ತಿನ ಹಾಗೆ. ರೆಕಾರ್ಡಿನ ಮೇಲೆ ಹಾಡು ಹೊಂದಿಸಿದವರು ಅಂತ ಹಾಕಿದ್ದು ಆಲನ್ ಪ್ರೈಸ್ ಹೆಸರೊಂದನ್ನೇ. ಲೇಬಲ್ಲಿನಲ್ಲಿ ಐವರ ಹೆಸರಿಗೆ ಜಾಗ ಇರಲಿಲ್ಲ ಅನ್ನುವುದು ಅದಕ್ಕೆ ಹೇಳುವ ಕಾರಣ. ಉಳಿದವರಿಗೆ ಆ ಕಹಿ ಬಹಳ ಕಾಲ ಹೋಗಲಿಲ್ಲ. ನನಗೆ ಹೊಟ್ಟೆ ಉರಿಯುವುದು ಗಿಟಾರಿನವನ ಪರವಾಗಿ. ಇವತ್ತಿಗೂ ಜಗತ್ತಿನ ಮೂಲೆಮೂಲೆಯಲ್ಲಿ ಕಲಿಯುವವರು ನುಡಿಸುವುದು ಅವನ ಕೈಯನ್ನೇ ಅಲ್ವಾ?

ಬಲಗೈ ನಿಲ್ಲಬಾರದು

ಆ ಭಾನುವಾರ ಸಂಜೆ ಅಂಕಲ್ ಮನೆಗೆ ಹೋಗಿ "ನಿಮಗೆ ಗಿಟಾರ್ ಬರುತ್ತಾ?" ಅಂತ ಕೇಳಿದೆ. ಅಷ್ಟು ಸೂಕ್ಷ್ಮವಾಗಿ ದೂರು ಹೇಳುವವರಿಗೆ ಬರದೆ ಇರುವುದಿಲ್ಲ. ವಯಸ್ಸಿನಲ್ಲಿ ಚರ್ಚಿನ ಕಾಯರ್‌ನಲ್ಲಿ ನುಡಿಸುತ್ತಿದ್ದರಂತೆ, ಮದುವೆಗಳ ಬ್ಯಾಂಡಿನಲ್ಲೂ. ಈಗ ಹತ್ತು ವರ್ಷದಿಂದ ಮುಟ್ಟಿಲ್ಲ. ನನ್ನ ಗಿಟಾರ್ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಮೊದಲು ಮೂಸಿ ನೋಡಿದರು! ಆಮೇಲೆ ತಂತಿಗಳ ಎತ್ತರ ನೋಡಿ, "ಇಷ್ಟು ಮೇಲೆ ಇಟ್ಟು ಮಾರಿದ್ದು ಯಾರು ಮಾರಾಯ್ರೆ? ಬಟ್ಟೆ ಒಣಗಿಸ್ಲಿಕ್ಕಾ?" ಅಂದರು. ಅದು ನಿಜ. ಕೊಂಡ ಅಂಗಡಿಯವರು ಹಾಗೇ ಕೈಗೆ ಕೊಟ್ಟಿದ್ದರು, ನನಗೂ ಗೊತ್ತಿರಲಿಲ್ಲ. ಆಮೇಲೆ ಅವರೇ ಬ್ರಿಡ್ಜಿನ ಮೇಲಿನ ಬಿಳಿ ಪಟ್ಟಿಯನ್ನು ತೆಗೆದು, ಉಪ್ಪುಕಾಗದದಲ್ಲಿ ಉಜ್ಜಿ ತಗ್ಗಿಸಿಕೊಟ್ಟರು. ನನ್ನ ಅರ್ಧ ಎಫ್ ಅಲ್ಲೇ ಗುಣವಾಯಿತು. ಎರಡು ವರ್ಷ ನನ್ನ ಬೆರಳನ್ನೇ ಬೈದುಕೊಂಡಿದ್ದೆ.

ಅವರು ಆ ಹಾಡನ್ನು ನುಡಿಸಿದರು. ತಂತಿ ಮೀಟುವ ಪ್ಲೆಕ್ಟ್ರಮ್ ಇರಲಿಲ್ಲ, ಹಳೆಯ ಫೋನ್ ಕಾರ್ಡೊಂದನ್ನು ಕತ್ತರಿಸಿ ಮಾಡಿಕೊಂಡರು. ನಾನು ಅಭ್ಯಾಸಬಲದಿಂದ ಎಡಗೈಯನ್ನೇ ನೋಡುತ್ತಿದ್ದೆ. ಎಫ್ ಬಂದಾಗ ಆರೂ ತಂತಿ ಒತ್ತಲಿಲ್ಲ. ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯ ಹಿಂದಿನಿಂದ ಮೇಲಕ್ಕೆ ತಂದು ದಪ್ಪ ತಂತಿಯನ್ನು ಹಿಡಿದರು, ಬೇಕಾದ ಉಳಿದ ತಂತಿ ಬೆರಳಲ್ಲಿ ಹಿಡಿದರು. "ಹಾಗೆ ಮಾಡಬಹುದಾ?" ಅಂದೆ. "ಮಾಡಬಾರದು ಅಂತ ಎಲ್ಲಿ ಬರೆದುಂಟು?" ಅಂದರು. ಎರಡನೇ ಸುತ್ತಿನಲ್ಲಿ ಅವರೂ ತಪ್ಪಿದರು. ಡಿಗೆ ಹೋಗುವ ಹೊತ್ತಿಗೆ ಬೆರಳು ಎಲ್ಲೋ ಇತ್ತು, ಬಂದ ಸ್ವರ ಯಾವುದೋ ಇತ್ತು. ನಾನು ಮುಖ ನೋಡಿದೆ. ಅವರಿಗೆ ಅದು ಗೊತ್ತೇ ಆಗಲಿಲ್ಲವೇನೋ ಅನ್ನುವ ಹಾಗೆ ಬಲಗೈ ಹೋಗುತ್ತಲೇ ಇತ್ತು. ಮಣಿಕಟ್ಟು ಬಾಗಿಲ ಚಿಲಕದ ಹಾಗೆ ಸಡಿಲ. ಕೆಳಗೆ, ಮೇಲೆ, ಕೆಳಗೆ, ಮೇಲೆ. ಎಡಗೈ ಓಡಿಬಂದು ಮುಂದಿನ ಕಾರ್ಡಿನಲ್ಲಿ ಸೇರಿಕೊಂಡಿತು, ತಡವಾಗಿ ಬಂದವರು ಓಡುವ ಬಸ್ ಹತ್ತಿದ ಹಾಗೆ.

ನನ್ನ ಸರದಿ ಬಂತು. ಮೊದಲ ಎಫ್‌ನಲ್ಲೇ 'ಡಬ್' ಅಂತು. ನಿಲ್ಲಿಸಿ, ಮತ್ತೆ ಎ ಮೈನರಿನಿಂದ ಶುರುಮಾಡಿದೆ. "ಯಾಕೆ ನಿಲ್ಲಿಸಿದ್ರಿ?" ಅಂದರು. ತಪ್ಪಿತಲ್ಲ ಅಂದೆ. "ತಪ್ಪಲಿ. ಎಡಗೈ ತಪ್ಪಿದ್ರೆ ತಪ್ಪಲಿ, ಬಲಗೈ ನಿಲ್ಲಬಾರದು. ಹಾಡುವವ ನಿಮ್ಮನ್ನು ನಂಬಿ ಹಾಡ್ತಾ ಉಂಟಲ್ಲ, ಅವನನ್ನು ದಾರಿಯಲ್ಲಿ ಬಿಟ್ಟು ಮನೆಗೆ ಹೋಗ್ತೀರಾ?" ಮತ್ತೆ ಶುರುಮಾಡಿದೆ, ಮತ್ತೆ ನಿಂತೆ. ನನಗೆ ಗೊತ್ತಿಲ್ಲದೆ ಕೈ ನಿಲ್ಲುತ್ತಿತ್ತು. ಏಳೆಂಟು ಸಲ ಹೀಗಾದಮೇಲೆ ಅವರು, "ಇದರಲ್ಲಿ ಕಲಿಯಲಿಕ್ಕೆ ಎಂತ ಇಲ್ಲ. ನುಡಿಸ್ಲಿಕ್ಕೆ ಉಂಟು" ಅಂತ ಹೇಳಿ ಟೀ ಮಾಡೋಕೆ ಒಳಗೆ ಹೋದರು.

ಟೀ ಆಗುವವರೆಗೆ ಕೂತಿದ್ದಾಗ ನನಗೆ ನೆನಪಾದದ್ದು ವೀಣೆ ಟೀಚರ್ ಮನೆಯ ಹಜಾರ. ಸಂಜೆ ಐದೂವರೆ. ನಾವು ನಾಲ್ಕು ಹುಡುಗಿಯರು ಚಾಪೆಯ ಮೇಲೆ. ಟೀಚರ್ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದರು, ನೋಡುತ್ತಿರಲಿಲ್ಲ. ಯಾರ ಬೆರಳು ಎಲ್ಲಿ ಜಾರಿದರೂ ಸಾಕು, ಸುಲಿಯುವ ಕೈ ನಿಲ್ಲುತ್ತಿತ್ತು. "ಇನ್ನೊಂದ್ಸಲ" ಅನ್ನುವ ಮೊದಲೇ ನಾವು ಸಾಲಿನ ತಲೆಗೆ ವಾಪಸು. ತಪ್ಪನ್ನು ದಾಟಿ ಮುಂದೆ ಹೋಗುವುದು ಅನ್ನುವುದೇ ಇರಲಿಲ್ಲ. ತಪ್ಪಿನ ಮೇಲೆ ನಡೆದರೆ ಅದೇ ದಾರಿಯಾಗಿಬಿಡುತ್ತದೆ ಅಂತ ಅವರ ಭಯ. ಆ ಭಯ ಸುಳ್ಳಲ್ಲ. ಗಮಕ ಒಂದು ಸಲ ತಪ್ಪಾಗಿ ಕೈಗೆ ಕೂತರೆ ಬಿಡಿಸುವುದು ಭಾರೀ ಕಷ್ಟ. ಐದು ವರ್ಷ ದಿನಾ ಸಂಜೆ ಆ ಅವರೆಕಾಯಿ ಸುಲಿಯುವ ಸದ್ದು ನಿಲ್ಲುವುದನ್ನೇ ಕಾಯುತ್ತಾ ನುಡಿಸಿದ್ದೇನೆ. ಮೂವತ್ತು ವರ್ಷ ಆದಮೇಲೂ ನನ್ನ ಕೈ ಅದೇ ಸದ್ದಿಗೆ ಕಿವಿಕೊಟ್ಟು ನಿಲ್ಲುತ್ತಿದೆ. ಸೋಮಾರಿತನ ಅಲ್ಲ, ಶಿಸ್ತು!

ಟೀಚರನ್ನು ದೂರುತ್ತಿಲ್ಲ. ವೀಣೆ ನುಡಿಸುವವರು ಒಬ್ಬರೇ ಆ ರಾಗದ ಭಾರ ಹೊರಬೇಕು, ಅಲ್ಲಿ ಸ್ವರವೇ ಎಲ್ಲ. ಈ ಹಾಡುಗಳಲ್ಲಿ ಗಿಟಾರ್ ಹೊರುವುದು ಬೇರೆಯವರನ್ನು.

ಆಮೇಲೆ ಹುಡುಕಿದರೆ 60ರ ದಶಕದ ಹಾಡುಗಳ ತುಂಬಾ ತಪ್ಪುಗಳೇ. ಕಿಂಗ್ಸ್‌ಮನ್ ಎಂಬ ಗುಂಪು 1963ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 'ಲೂಯಿ ಲೂಯಿ' ರೆಕಾರ್ಡ್ ಮಾಡಿತು. ಮೂರೇ ಕಾರ್ಡು. ಗಿಟಾರ್ ಸೋಲೋ ಆದಮೇಲೆ ಹಾಡುವವನು ಬೇಗ ಬಾಯಿ ಹಾಕಿಬಿಡುತ್ತಾನೆ. ತಪ್ಪು ಗೊತ್ತಾಗಿ ತಟ್ಟನೆ ನಿಲ್ಲಿಸುತ್ತಾನೆ. ಡ್ರಮ್ಮಿನವನು ಒಂದು ಉರುಳು ಬಾರಿಸಿ ಆ ಕಂದಕವನ್ನು ಮುಚ್ಚುತ್ತಾನೆ, ಹಾಡು ಮುಂದೆ ಹೋಗುತ್ತದೆ. ಮತ್ತೆ ರೆಕಾರ್ಡ್ ಮಾಡಲಿಲ್ಲ, ಅದನ್ನೇ ಬಿಡುಗಡೆ ಮಾಡಿದರು. ಅರವತ್ತು ವರ್ಷದಿಂದ ಜನ ಆ ತಪ್ಪನ್ನೂ ಸೇರಿಸಿಯೇ ಕೇಳುತ್ತಿದ್ದಾರೆ.

ಕ್ಯಾಸೆಟ್ಟು, ಕ್ಯಾಪೋ, ತಂಬೂರಿ

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಅಕೂಸ್ಟಿಕ್ ಗಿಟಾರಿನಲ್ಲಿ ರಾಕ್ ಹಾಡು ಕಲಿಯುವವರಿಗೆಲ್ಲ ಒಂದು ಕೀಳರಿಮೆ ಇರುತ್ತದೆ. ಎಷ್ಟು ನುಡಿಸಿದರೂ ಅದು ಮನೆಯ ಗಿಟಾರ್, ಅಸಲಿಯದಲ್ಲ ಅಂತ. ಸ್ಟೋನ್ಸ್‌ನ 'ಸ್ಟ್ರೀಟ್ ಫೈಟಿಂಗ್ ಮ್ಯಾನ್' ಶುರುವಿನ ಆ ಒರಟು ಸದ್ದು ನನ್ನ ಡಬ್ಬದಲ್ಲಿ ಬರಲ್ಲ, ಎಲೆಕ್ಟ್ರಿಕ್ ಕೊಳ್ಳಬೇಕು ಅಂತ ಎಷ್ಟೋ ದಿನ ಬೆಲೆ ನೋಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದು ಅಕೂಸ್ಟಿಕ್ ಗಿಟಾರೇ! 1968ರಲ್ಲಿ ಸ್ಟೋನ್ಸ್ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಒಂದು ಸಣ್ಣ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರ್ ಮುಂದೆ ಕೂತು ಜೋರಾಗಿ ಬಾರಿಸಿದರು. ಪಾಪದ ಮೈಕಿಗೆ ಅಷ್ಟು ಸದ್ದು ತಡೆಯಲಿಲ್ಲ, ಸೀಳಿಹೋಯಿತು. ಆ ಸೀಳಿದ ಸದ್ದನ್ನೇ ಸ್ಟುಡಿಯೋದಲ್ಲಿ ಸ್ಪೀಕರಿಗೆ ಹಾಕಿ ಮತ್ತೆ ಹಿಡಿದರು. ಆ ಹಾಡಿನಲ್ಲಿ ಎಲೆಕ್ಟ್ರಿಕ್ ವಾದ್ಯ ಅಂತ ಇರುವುದು ಬೇಸ್ ಒಂದೇ. ನಮ್ಮ ಮನೆಯಲ್ಲೂ ಅಂಥದ್ದೊಂದು ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ನನ್ನ ವೀಣೆ ರೆಕಾರ್ಡ್ ಮಾಡಿದರೆ ಹೀಗೇ ಒಡೆದು ಬರುತ್ತಿತ್ತು, ಅಪ್ಪ ಅದನ್ನು ರಿಪೇರಿಗೆ ಕೊಟ್ಟಿದ್ದರು.

ಕ್ಯಾಪೋ ಬಗ್ಗೆಯೂ ಹೀಗೇ. ಫ್ರೆಟ್ಟಿನ ಮೇಲೆ ಕಚ್ಚಿ ಕೂರಿಸುವ ಆ ಕ್ಲಿಪ್ಪನ್ನು ಬರದವರ ಊರುಗೋಲು ಅಂದುಕೊಂಡಿದ್ದೆ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1969ರಲ್ಲಿ 'ಹಿಯರ್ ಕಮ್ಸ್ ದ ಸನ್' ನುಡಿಸಿರುವುದು ಏಳನೇ ಫ್ರೆಟ್ಟಿನಲ್ಲಿ ಕ್ಯಾಪೋ ಹಾಕಿ, ಡಿ ಕಾರ್ಡಿನ ಆಕಾರ ಹಿಡಿದು. ಅಷ್ಟು ಮೇಲೆ ಕಟ್ಟಿದಾಗ ಉಳಿಯುವುದು ಒಂದು ಮೊಳದಷ್ಟು ತಂತಿ. ಬೆಳಗಿನ ಬಿಸಿಲಿನ ಆ ಮಿಣಿಮಿಣಿ ಬರುವುದು ಆ ಗಿಡ್ಡ ತಂತಿಯಿಂದಲೇ. ಮಧ್ಯದಲ್ಲಿ ಮೂರು ಮೂರು ಎಣಿಕೆಯ ಗುಂಪುಗಳು ಬರುತ್ತವೆ. ಬೇರೆಯವರು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ನಾನು "ತಕಿಟ ತಕಿಟ" ಅಂದುಕೊಂಡು ದಾಟಿದೆ. ವೀಣೆಯ ಐದು ವರ್ಷ ನನಗೆ ಕೆಲಸಕ್ಕೆ ಬಂದ ಅಪರೂಪದ ಜಾಗ ಅದು.

ಇನ್ನೊಂದು ಜಾಗ 'ಬ್ಲ್ಯಾಕ್‌ಬರ್ಡ್'. 1968ರ ಜೂನ್ 11ರಂದು ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಒಬ್ಬರೇ ಕೂತು ರೆಕಾರ್ಡ್ ಮಾಡಿದ್ದು. ಒಂದು ಗಿಟಾರ್, ಒಂದು ದನಿ, ಮತ್ತೆ ಟಕ್ ಟಕ್ ಅಂತ ಕಾಲಿನ ತಾಳ. ಅದನ್ನು ಎಷ್ಟು ಪ್ರಯತ್ನಪಟ್ಟರೂ ಬರುತ್ತಿರಲಿಲ್ಲ. ಒಂದು ಬೆರಳು ದಪ್ಪ ತಂತಿಯಲ್ಲಿ, ಇನ್ನೊಂದು ಬೆರಳು ಸಣ್ಣ ತಂತಿಯಲ್ಲಿ, ಎರಡೂ ಜೋಡಿಯಾಗಿ ಮೇಲೆ ಕೆಳಗೆ ಓಡಾಡುತ್ತವೆ. ಅವೆರಡರ ಮಧ್ಯೆ ಮೂರನೇ ತಂತಿ ಖಾಲಿಯಾಗಿ ಜಿ, ಜಿ, ಜಿ ಅಂತ ಮೊಳಗುತ್ತಲೇ ಇರುತ್ತದೆ. ಒಂದು ದಿನ ಒಗ್ಗರಣೆ ಹಾಕುವಾಗ ತಲೆಯಲ್ಲಿ ಆ ಹಾಡೇ ಓಡುತ್ತಿತ್ತು. ತಟ್ಟನೆ ಹೊಳೆಯಿತು, ಆ ಜಿ ತಂಬೂರಿ! ಅಮ್ಮ ಕೇಳಿದ ಸ ಅಲ್ಲಿದೆ. ಸ್ಟವ್ ಆರಿಸಿ ಬಂದು ಕೂತು, ಜಿ ತಂತಿಯನ್ನು ಶ್ರುತಿ ಅಂದುಕೊಂಡು ನುಡಿಸಿದೆ. ಪೂರ್ತಿ ಬರಲಿಲ್ಲ, ಆದರೆ ಕೈಗೆ ದಾರಿ ಕಂಡಿತು. ಒಗ್ಗರಣೆ ಸಾಸಿವೆ ಸೀದಿತ್ತು.

ಅದೇ ವರ್ಷ ಫೆಬ್ರವರಿಯಲ್ಲಿ ಬೀಟಲ್ಸ್ ಋಷಿಕೇಶಕ್ಕೆ ಮಹರ್ಷಿ ಮಹೇಶ್ ಯೋಗಿಯವರ ಆಶ್ರಮಕ್ಕೆ ಬಂದಿದ್ದರಲ್ಲ, ಜೊತೆಯಲ್ಲಿ ಡೊನೊವನ್ ಎಂಬ ಗಾಯಕ ಕೂಡ ಇದ್ದರು. ಬೆರಳಲ್ಲಿ ಮೀಟುವುದು ಡೊನೊವನ್‌ಗೆ ಗೊತ್ತಿತ್ತು, ಜಾನ್ ಲೆನನ್‌ಗೆ ಗೊತ್ತಿರಲಿಲ್ಲ. ಲೆನನ್ ಕೇಳಿ ಕಲಿತರು. 'ಡಿಯರ್ ಪ್ರುಡೆನ್ಸ್', 'ಜೂಲಿಯಾ' ಎರಡರಲ್ಲೂ ಇರುವುದು ಆ ಹೊಸ ಪಾಠ. ಆ ಹೊತ್ತಿಗೆ ಲೆನನ್ ಜಗತ್ತೇ ಹುಚ್ಚೆದ್ದು ಕೇಳುವ ಮನುಷ್ಯ. ಗಂಗೆಯ ದಡದಲ್ಲಿ ಎದುರು ಬದುರು ಕೂತು, ಹೆಬ್ಬೆರಳು ಎಲ್ಲಿಡಬೇಕು ಅಂತ ಇನ್ನೊಬ್ಬನ ಕೈಯನ್ನು ದಿಟ್ಟಿಸಿ ನೋಡುತ್ತಿರುವ ಆ ಚಿತ್ರ ನನಗೆ ತುಂಬಾ ಇಷ್ಟ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರೂ ನನಗೆ ಸಿಗದದ್ದು ಅಂಕಲ್ ಮಣಿಕಟ್ಟಿನಲ್ಲಿ ಸಿಕ್ಕಿತ್ತು.

ಮೂರನೇ ವಿಷಲ್

ತಪ್ಪಿದರೂ ನಿಲ್ಲಿಸದೆ ಇರುವುದನ್ನು ಕಲಿಯೋಕೆ ನನಗೆ ಎರಡು ತಿಂಗಳು ಹಿಡಿಯಿತು. ಎಫ್ ಕಲಿಯೋಕಿಂತ ಕಷ್ಟ. ಕೊನೆಗೆ ಕಂಡುಕೊಂಡ ಉಪಾಯ ಅಂದರೆ ಎಡಗೈಯನ್ನು ಪೂರ್ತಿ ಬಿಟ್ಟುಬಿಡುವುದು. ತಂತಿಗಳ ಮೇಲೆ ಅಂಗೈ ಸುಮ್ನೆ ಇಟ್ಟು ಬಲಗೈಯಲ್ಲಿ ಬರೀ ಲಯ ಮೀಟುವುದು, ಆರು ಎಣಿಕೆ, ಹಾಡಿನಷ್ಟೂ ಉದ್ದ. ಸ್ವರವಿಲ್ಲದ 'ಟಿಕ್ ಟಿಕ್' ಅಷ್ಟೇ. ಅದರ ಮೇಲೆ ಬಾಯಲ್ಲಿ ಹಾಡು ಗುನುಗುವುದು. ಒಂದು ವಾರ ಹೀಗೆ ಮಾಡಿ, ಆಮೇಲೆ ಎಡಗೈಯನ್ನು ಮೆಲ್ಲಗೆ ಒಳಗೆ ಬಿಟ್ಟುಕೊಂಡೆ. ಬಂದರೆ ಬಾ, ಬರದಿದ್ದರೆ ಬಿಡು ಅನ್ನುವ ಹಾಗೆ.

ಕಳೆದ ಶನಿವಾರ ರಾತ್ರಿ ಅನ್ನಕ್ಕೆ ಕುಕ್ಕರ್ ಇಟ್ಟು ಬಂದು ಸುಮ್ನೆ ಕೂತೆ. ಎ ಮೈನರ್, ಸಿ, ಡಿ, ಎಫ್. ಎಫ್ ಬಂತು. ಎರಡನೇ ಸುತ್ತಿನಲ್ಲಿ ಬರಲಿಲ್ಲ. ಟೀಚರ್ ಮನೆಯ ಅವರೆಕಾಯಿ ಸದ್ದು ನಿಂತಿತು, ನಾನು ಮುಂದೆ ಹೋದೆ. ಮೂರನೇ ಸುತ್ತಿನಲ್ಲಿ ಪದ ಮರೆತು 'ಊಂ ಊಂ' ಅಂದೆ. ಆ ಸುತ್ತಿನಲ್ಲೇ ಮೊದಲ ವಿಷಲ್ ಕೂಗಿತು. ಐದನೇ ಸುತ್ತಿಗೆ ಬರುವ ಹೊತ್ತಿಗೆ ಒಂದು ಸಂಗತಿ ಆಯಿತು, ಅದನ್ನು ಹೇಗೆ ಹೇಳಬೇಕೋ ತಿಳಿಯದು. ಕಾರ್ಡುಗಳು ಬೇಜಾರಾಗುವುದು ನಿಂತಿತು. ಅದೇ ಎ ಮೈನರ್, ಅದೇ ಸಿ, ಆದರೆ ಹಿಂದೆ ನಾಲ್ಕು ಸುತ್ತು ಆಗಿವೆ ಅನ್ನುವುದು ಕೈಗೆ ಗೊತ್ತಿತ್ತು. ಮೊದಲ ಸುತ್ತಿನಲ್ಲಿ ಧೈವತ ಜಾರಿದಾಗ ಬರೀ ಚಂದ ಅನ್ನಿಸಿತ್ತು. ಈಗ ಸ್ವಲ್ಪ ಭಯವಾಯಿತು. ಕೊನೆಯ ಪದ್ಯದ ಮಧ್ಯೆ ಕುಕ್ಕರ್ ಮೂರನೇ ವಿಷಲ್ ಕೂಗಿತು. ನಿಲ್ಲಿಸಲಿಲ್ಲ. ಕೊನೆಯ ಎ ಮೈನರ್ ಮೀಟಿ, ತಂತಿ ತಾನಾಗಿ ಸುಮ್ಮನಾಗುವವರೆಗೆ ಕೂತಿದ್ದೆ. ಅನ್ನ ಮುದ್ದೆಯಾಗಿತ್ತು.

ಗೋಡೆಯ ಆಚೆಯಿಂದ ಚಪ್ಪಾಳೆ ಏನೂ ಬರಲಿಲ್ಲ. ಟಿವಿ ಸದ್ದು ಬರುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಅಂಕಲ್ ಸಿಕ್ಕಿದರು. ಹಾಲಿನ ಪ್ಯಾಕೆಟ್ ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದರು. ಮೂರನೇ ಮಹಡಿ ದಾಟಿದಮೇಲೆ ಬಾಯಿ ಬಿಟ್ಟರು.

"ಕೊನೆ ಪದ್ಯದಲ್ಲಿ ಓಡಿದ್ರಿ. ಎಂತ ಅಷ್ಟು ಅರ್ಜೆಂಟ್?"

"ಕುಕ್ಕರ್ ಇಟ್ಟಿದ್ದೆ ಅಂಕಲ್."

"ಹಾಂ," ಅಂದರು. "ವಿಷಲ್ ಕೇಳಿತು. ಅದೂ ತಾಳದಲ್ಲಿ ಇರಲಿಲ್ಲ."